ಮುಗ್ಗಟ್ಟಿನ ಕಾಲದಲ್ಲೇ ತೆರಿಗೆ ಸುಧಾರಣೆ



ಖಜಾನೆಗೆ ಕೈ ಬಿಗಿಯಾದಾಗ ಸರ್ಕಾರಗಳು ಇರುವ ತೆರಿಗೆಯ ದರ ಏರಿಸುತ್ತವೆ. ಸುಧಾರಣೆಯ ಮಾತೆತ್ತಿದರೆ ‘ಈಗ ಬೇಡ, ಒಳ್ಳೆಯ ಕಾಲ ಬರಲಿ’ ಎನ್ನುತ್ತವೆ. ಇದನ್ನು ನಾನು ಒಪ್ಪಲಾರೆ. ಐದನೇ ವೇತನ ಆಯೋಗದ ಬಳಿಕ ಸಂಬಳ, ಪಿಂಚಣಿಗಳ ಭಾರಕ್ಕೆ ಬಳಲಿದ್ದ ರಾಜ್ಯಗಳು ಕೈಗಾರಿಕೆಗಳನ್ನು ಸೆಳೆಯಲು ಪೈಪೋಟಿಗೆ ಬಿದ್ದು ಮಾರಾಟ ತೆರಿಗೆ ಬಿಟ್ಟುಕೊಡುತ್ತಿದ್ದವು. 1999ರ ನವೆಂಬರಿನಲ್ಲಿ ಮುಖ್ಯಮಂತ್ರಿಗಳು ಕೂಡಿ ಅದಕ್ಕೆ ತಡೆ ಹಾಕಿದರು. 2000ದ ಜನವರಿಯಿಂದ ಏಕರೂಪದ ಕನಿಷ್ಠ ದರಗಳು ಬಂದವು. ಕರ್ನಾಟಕ 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದದ್ದು, 2005ರ ಏಪ್ರಿಲ್‌ನಲ್ಲಿ ವ್ಯಾಟ್‌ಗೆ ಹೊರಳಿದ್ದು ಆ ಕಷ್ಟದ ಬೆನ್ನಿಗೇ.

ಆಗ ಒಂದು ಆಸರೆಯಿತ್ತು, ನಿಜ. ವ್ಯಾಟ್‌ನಿಂದಾದ ನಷ್ಟವನ್ನು ಕೇಂದ್ರವು ಮೊದಲ ವರ್ಷ ಪೂರ್ತಿ, ಎರಡನೇ ವರ್ಷ ಶೇ 75, ಮೂರನೇ ವರ್ಷ ಶೇ 50ರಷ್ಟು ತುಂಬಿಕೊಡಲು ಒಪ್ಪಿತ್ತು. ಜಿಎಸ್‌ಟಿಯಲ್ಲಿ ವರ್ಷಕ್ಕೆ ಶೇ 14ರ ಬೆಳವಣಿಗೆಯ ಭರವಸೆ ಐದು ವರ್ಷ ನಡೆದು 2022ರ ಜೂನ್‌ಗೆ ಮುಗಿಯಿತು. ಜಿಎಸ್‌ಟಿ ದರವನ್ನು ರಾಜ್ಯವೊಂದೇ ಈಗ ಮುಟ್ಟುವಂತಿಲ್ಲ. ಉಳಿದಿರುವುದು ಮುಖ್ಯವಾಗಿ ಮದ್ಯ, ಪೆಟ್ರೋಲ್–ಡೀಸೆಲ್, ವಾಹನ, ಮುದ್ರಾಂಕ ಮತ್ತು ನೋಂದಣಿ. ಕೊರತೆಯ ಒತ್ತಡವೆಲ್ಲ ಇವುಗಳ ಮೇಲೆಯೇ ಬೀಳುತ್ತಿದೆ.

ಮುದ್ರಾಂಕವನ್ನೇ ನೋಡೋಣ. ಐದು ವರ್ಷ ಹೆಚ್ಚುಕಡಿಮೆ ಅಲುಗದೆ ನಿಂತಿದ್ದ ಮಾರ್ಗಸೂಚಿ ದರವನ್ನು 2023ರ ಅಕ್ಟೋಬರ್ 1ರಿಂದ ಒಮ್ಮೆಗೇ ಸರಾಸರಿ ಶೇ 25–30ರಷ್ಟು ಏರಿಸಲಾಯಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ 1ರಿಂದ ಶೇ 2ಕ್ಕೆ ಏರಿತು. ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಒಟ್ಟು ಶೇ 7.6. ಮಾರುಕಟ್ಟೆಯಲ್ಲಿ 80 ಲಕ್ಷ ಬಾಳುವ ನಿವೇಶನಕ್ಕೆ ಮಾರ್ಗಸೂಚಿ ದರ 50 ಲಕ್ಷ ಎಂದಿಟ್ಟುಕೊಳ್ಳಿ. ಕ್ರಯಪತ್ರದಲ್ಲಿ 50 ಲಕ್ಷ ಕಾಣಿಸಿ 3.8 ಲಕ್ಷ ಕಟ್ಟುತ್ತಾರೆ. ಉಳಿದ 30 ಲಕ್ಷ ಲೆಕ್ಕಕ್ಕೇ ಬಾರದ ನಗದು. ಮಾರ್ಗಸೂಚಿ ದರವನ್ನು 76 ಲಕ್ಷಕ್ಕೆ ತಂದು ಒಟ್ಟು ದರವನ್ನು ಶೇ 5ಕ್ಕೆ ಇಳಿಸಿದರೂ ಖಜಾನೆಗೆ ಅದೇ 3.8 ಲಕ್ಷ! ಕಪ್ಪುಹಣಕ್ಕೆ ಉಳಿಯುವ ಜಾಗ ಮಾತ್ರ ನಾಲ್ಕು ಲಕ್ಷ. ದರ ಇಳಿಕೆ, ಮೌಲ್ಯದ ಪರಿಷ್ಕರಣೆ ಎರಡೂ ಒಟ್ಟಿಗೇ ಆಗಬೇಕು. ಪರಿಷ್ಕರಣೆ ಪ್ರತಿವರ್ಷ ನಿಗದಿತ ದಿನದಂದು, ನೋಂದಣಿಯ ದತ್ತಾಂಶದ ಜೊತೆಗೆ ಬ್ಯಾಂಕ್ ಸಾಲದ ಮೌಲ್ಯಮಾಪನವನ್ನೂ ಆಧರಿಸಿ, ತಾನಾಗಿ ನಡೆಯಬೇಕು. ಸಚಿವರ ಧೈರ್ಯವನ್ನು ನೆಚ್ಚಿಕೊಂಡರೆ ಅದು ಮತ್ತೆ ಐದು ವರ್ಷ ನಿಂತೀತು.

ಬಡವರ ಮೇಲೆ ಹೊರೆಯಾಗುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ದಾರಿ ಈಗಾಗಲೇ ಇದೆ: 20 ಲಕ್ಷದೊಳಗಿನ ಫ್ಲ್ಯಾಟ್‌ಗಳ ಮೊದಲ ನೋಂದಣಿಗೆ 2020ರಲ್ಲೇ ಮುದ್ರಾಂಕ ಶುಲ್ಕವನ್ನು ಶೇ 5ರಿಂದ ಶೇ 2ಕ್ಕೆ ಇಳಿಸಲಾಗಿತ್ತು. ಸಣ್ಣ ಮನೆಗೆ ಕಡಿಮೆ ದರ ಇಡಿ, ಸುಳ್ಳು ಮೌಲ್ಯವನ್ನು ಎಲ್ಲರಿಗೂ ಕೊಡಬೇಡಿ. ಪತ್ರದಲ್ಲಿ ನಿಜವಾದ ಬೆಲೆ ಬಂದರೆ ಬ್ಯಾಂಕ್ ಸಾಲವೂ ಅದಕ್ಕೆ ತಕ್ಕಂತೆ ಸಿಗುತ್ತದೆ; ಕೈಯಲ್ಲಿ ನಗದಿಲ್ಲದ ಸಂಬಳದಾರನಿಗೆ ಇದು ದೊಡ್ಡ ಅನುಕೂಲ. ‘ಈ ವರ್ಷದ ಬಜೆಟ್‌ಗೆ ಹೆಚ್ಚಿನ ಹಣ ಎಲ್ಲಿಂದ?’ ಎಂಬುದು ಇನ್ನೂ ಕಠಿಣ ಪ್ರಶ್ನೆ. ಮೊದಲ ವರ್ಷ ಹೆಚ್ಚೇನೂ ಬಾರದು, ಒಪ್ಪುತ್ತೇನೆ. ಆದರೆ ಭೂಮಿಯ ಬೆಲೆ ಏರಿದಂತೆ ಆದಾಯವೂ ಏರುತ್ತದೆ. ಆಗಾಗ ದರ ಏರಿಸುವ ಅಗತ್ಯವೇ ಬೀಳುವುದಿಲ್ಲ.

ರಾಜ್ಯದ ಕೈಮೀರಿದ ವಿಷಯವೂ ಒಂದಿದೆ. ಸಂವಿಧಾನದ 276ನೇ ವಿಧಿ ವೃತ್ತಿ ತೆರಿಗೆಗೆ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದ್ದು 1988ರಲ್ಲಿ. ಅದು ಇಂದಿಗೂ ಅಷ್ಟೇ. ತಿಂಗಳಿಗೆ 25 ಸಾವಿರ ದುಡಿಯುವವರಿಗೂ ಹತ್ತು ಲಕ್ಷ ದುಡಿಯುವವರಿಗೂ ಇಲ್ಲಿ ಒಂದೇ ತೆರಿಗೆ. ಈ ಮಿತಿಯನ್ನು ಬೆಲೆ ಸೂಚ್ಯಂಕಕ್ಕೆ ಜೋಡಿಸಬೇಕೆಂದು ಸಂಸತ್ತನ್ನು ಕೋರುವ ಕರಡೊಂದನ್ನು ಈ ವಿಚಾರ ಸಂಕಿರಣ ಸಿದ್ಧಪಡಿಸಲಿ ಎಂದು ಕೇಳಿಕೊಳ್ಳುತ್ತೇನೆ.