ಅಟ್ಟದ ಮೇಲಿನ ಹನ್ನೊಂದು ಕ್ಯಾಸೆಟ್ಟು

ದಾವಣಗೆರೆಯಿಂದ ಮಾತಾಡ್ತಿದ್ದೀನಿ. ಹೋದ ತಿಂಗಳು ಹರಿಹರದಲ್ಲಿ ನಮ್ಮ ಸೋದರಮಾವನ ಮನೆ ಅಟ್ಟದಿಂದ ಒಂದು ಟ್ರಂಕು ಇಳಿಸಿದೆವು. ಒಳಗೆ ಹನ್ನೊಂದು ವಿಎಚ್‌ಎಸ್ ಕ್ಯಾಸೆಟ್ಟು, ಎಲ್ಲಾ ಟೀವಿಯಿಂದ ರೆಕಾರ್ಡ್ ಮಾಡಿಟ್ಟ ಹಳೇ ಕನ್ನಡ ಸಿನಿಮಾಗಳು. ನಾಲ್ಕಕ್ಕೆ ಬೂಷ್ಟು ಹಿಡಿದಿತ್ತು. "ಟ್ರಂಕಿನಾಗೆ ಜೋಪಾನ ಇದ್ವಲ್ಲೋ" ಅಂದ್ರು ಮಾವ.

ಮುಚ್ಚಿಟ್ಟರೆ ಜೋಪಾನ ಆಗಲ್ಲ ನೋಡ್ರಿ. ತೇವಕ್ಕೆ ಟೇಪು ಬೂಷ್ಟು ಹಿಡಿಯುತ್ತೆ; ಹಾಗೇ ಹಾಕಿದರೆ ವಿಸಿಆರ್ ಹೆಡ್ಡೂ ಕೊಳೆಯಾಗುತ್ತೆ. ಹೊಸ ವಿಸಿಆರ್ ತಯಾರಿ 2016ರಲ್ಲೇ ನಿಂತಿದೆ. ಮೂರು ಗಂಟೆ ಟೇಪನ್ನ ಕಂಪ್ಯೂಟರಿಗೆ ಇಳಿಸೋಕೆ ಮೂರು ಗಂಟೆನೇ ಬೇಕು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಇವತ್ತು ನೋಡೋಣ ಅಂದ್ರೆ ಒಂದು ಪ್ರತಿನೂ ಉಳಿದಿಲ್ಲ.

ನಾನು ಬಿಕಾಂ ಓದಿದೋನು. ಸವಕಳಿ ಕಳೆದರೆ ಈ ಕ್ಯಾಸೆಟ್ಟುಗಳ ಬೆಲೆ ಸೊನ್ನೆ. ಆದರೆ ಪ್ರತಿ ಲೇಬಲ್ಲಿನ ಮೇಲೂ ತೀರಿಹೋದ ನಮ್ಮತ್ತೆ ಕೈಬರಹ: ಸಿನಿಮಾ ಹೆಸರು, ಕೆಳಗೆ ‘ಅಳಿಸಬೇಡಿ’.

ಏಳು ಟೇಪು ಇಳಿಸಿದ್ದಾಯ್ತು. ಬೂಷ್ಟು ಹಿಡಿದ ನಾಲ್ಕನ್ನ ಕೆಲಸ ಬಲ್ಲವರ ಕೈಗೆ ಕೊಟ್ಟಿದ್ದೀನಿ. ಮಾವ ದಿನಾ ಫೋನ್ ಮಾಡ್ತಾರೆ. ನಿಮ್ಮ ಅಟ್ಟದಲ್ಲೂ ಇದ್ದರೆ, ಈ ಭಾನುವಾರನೇ ಇಳಿಸಿ ನೋಡ್ರಿ.