ಸೋತವರ ಮತ ಎಲ್ಲಿ ಹೋಯಿತು?

ಮಲ್ಲಿಕಾರ್ಜುನ ಖರ್ಗೆ 1972ರಲ್ಲಿ ಗುರುಮಠಕಲ್‌ನಿಂದ ಮೊದಲ ಸಲ ವಿಧಾನಸಭೆಗೆ ಹೋದರು. ಅಲ್ಲಿಂದಲೇ ಸತತ ಎಂಟು ಸಲ ಗೆದ್ದರು. 2008ರಲ್ಲಿ ಚಿತ್ತಾಪುರದಿಂದ ಗೆದ್ದರು, 2009 ಮತ್ತು 2014ರಲ್ಲಿ ಕಲಬುರಗಿಯಿಂದ ಲೋಕಸಭೆಗೆ ಆಯ್ಕೆಯಾದರು. ಹನ್ನೊಂದು ಚುನಾವಣೆ, ಹನ್ನೊಂದು ಗೆಲುವು. ‘ಸೋಲಿಲ್ಲದ ಸರದಾರ’ ಎಂಬ ಬಿರುದು ಅವರ ಹೆಸರಿಗೆ ಅಂಟಿಕೊಂಡೇ ಬಂದಿತ್ತು. 2019ರ ಮೇ 23ರಂದು ಆ ಬಿರುದು ಮುಗಿಯಿತು. ಬಿಜೆಪಿಯ ಡಾ. ಉಮೇಶ ಜಾಧವ 95,452 ಮತಗಳ ಅಂತರದಿಂದ ಅವರನ್ನು ಸೋಲಿಸಿದರು. ಮೂರು ತಿಂಗಳ ಹಿಂದಷ್ಟೇ ಜಾಧವ ಖರ್ಗೆಯವರ ಪಕ್ಷದಲ್ಲೇ ಇದ್ದರು, ಚಿಂಚೋಳಿಯ ಕಾಂಗ್ರೆಸ್ ಶಾಸಕರಾಗಿದ್ದರು.

ಅಂದು ಸೋತವರು ಖರ್ಗೆಯೊಬ್ಬರೇ ಆಗಿರಲಿಲ್ಲ. ತುಮಕೂರಿನಲ್ಲಿ ಮಾಜಿ ಪ್ರಧಾನಿ ದೇವೇಗೌಡರು ಸೋತರು. ಚಿಕ್ಕಬಳ್ಳಾಪುರದಲ್ಲಿ ವೀರಪ್ಪ ಮೊಯಿಲಿ ಸೋತರು. ಕೋಲಾರದಲ್ಲಿ ಸತತ ಏಳು ಸಲ ಗೆದ್ದಿದ್ದ ಕೆ.ಎಚ್. ಮುನಿಯಪ್ಪ ಸೋತರು. ರಾಜ್ಯದ 28 ಸ್ಥಾನಗಳಲ್ಲಿ 25 ಬಿಜೆಪಿಯ ಪಾಲಾದವು. ಮಂಡ್ಯದಲ್ಲಿ ಗೆದ್ದ ಪಕ್ಷೇತರ ಸುಮಲತಾ ಅವರಿಗೂ ಅದೇ ಪಕ್ಷದ ಬೆಂಬಲವಿತ್ತು. ರಾಜ್ಯವಾಳುತ್ತಿದ್ದ ಕಾಂಗ್ರೆಸ್ ಮತ್ತು ಜೆಡಿಎಸ್‌ಗೆ ತಲಾ ಒಂದು ಸ್ಥಾನ ಉಳಿಯಿತು. ಕಲ್ಯಾಣ ಕರ್ನಾಟಕದ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ ಐದರಲ್ಲೂ ಕಮಲ ಅರಳಿತು. ದೇಶದಲ್ಲಿ ಬಿಜೆಪಿ 303 ಸ್ಥಾನ ಗೆದ್ದಿತು. ಇಷ್ಟೆಲ್ಲ ಆದರೂ ಕಲಬುರಗಿಯ ಮಂದಿಯ ಬಾಯಲ್ಲಿ ಮಾತ್ರ ಒಂದೇ ಹೆಸರು. ‘ಸಾಹೇಬ್ರು ಸೋತ್ರಂತ’ ಎಂಬ ಸುದ್ದಿಯ ಮುಂದೆ ದೇಶದ ಸುದ್ದಿ ಹಿಂದಾಯಿತು.

ಊರು ಎರಡಾಯಿತು. ಒಂದು ಕಡೆ ಪಟಾಕಿ, ಗುಲಾಲು, ‘ಕೋಟೆ ಒಡದ್ವಿ’ ಎಂಬ ಹುಮ್ಮಸ್ಸು. ಇನ್ನೊಂದು ಕಡೆ ಸೂತಕದ ಮನೆಯ ಮೌನ, ಆಮೇಲೆ ಸಿಟ್ಟು. ಸಿಟ್ಟಾದವರು ಮೂರು ಕಾರಣ ಹೇಳಿದರು. ಮತಯಂತ್ರದಲ್ಲೇ ಏನೋ ಆಗಿದೆ ಎಂಬುದು ಒಂದು. ಇಂಥ ಜಾತಿಯವರು ಕೈಕೊಟ್ಟರು ಎಂಬುದು ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ನೋವಿನ ಮಾತು: ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಕೊಡಿಸಿದವರನ್ನು, ಇಎಸ್‌ಐ ವೈದ್ಯಕೀಯ ಕಾಲೇಜು ತಂದವರನ್ನು, ರೈಲ್ವೆ ಮಂತ್ರಿಯಾಗಿದ್ದವರನ್ನು ಈ ಜನ ಸೋಲಿಸಿದರಲ್ಲ, ಉಂಡ ಮನೆಯ ಜಂತಿ ಎಣಿಸಿದರಲ್ಲ! ಗೆದ್ದವರ ಕಡೆ ಒಂದೇ ವಿವರಣೆ ಇತ್ತು. ಜನ ಖರ್ಗೆಯವರನ್ನು ತಿರಸ್ಕರಿಸಿದರು ಎಂದು ಅವರು ಹೇಳಿದರು.

ಎರಡೂ ಕಡೆಯವರ ಮಾತಿನ ತಳದಲ್ಲಿ ಒಂದೇ ನಂಬಿಕೆ ಇದೆ. ಹಿಂದೆ ಖರ್ಗೆಯವರಿಗೆ ಮತ ಹಾಕಿದ್ದವರು ಈ ಸಲ ಅವರನ್ನು ಬಿಟ್ಟುಹೋದರು ಎಂಬ ನಂಬಿಕೆ. ಚುನಾವಣಾ ಆಯೋಗದ ಲೆಕ್ಕ ಇದನ್ನು ಒಪ್ಪುವುದಿಲ್ಲ. 2014ರಲ್ಲಿ ಗೆದ್ದಾಗ ಖರ್ಗೆಯವರಿಗೆ ಬಿದ್ದ ಮತ 5,07,193. 2019ರಲ್ಲಿ ಸೋತಾಗ ಬಿದ್ದ ಮತ 5,24,740. ಸೋತ ವರ್ಷ ಅವರ ಮತ 17,547ರಷ್ಟು ಹೆಚ್ಚಾಗಿತ್ತು. ಐದು ವರ್ಷಗಳಲ್ಲಿ ಬಿಜೆಪಿಯ ಮತ 4,32,460ರಿಂದ 6,20,192ಕ್ಕೆ ಏರಿತ್ತು, ಅಂದರೆ 1,87,732 ಹೆಚ್ಚು. ಎರಡೂ ಪಕ್ಷಗಳ ಒಟ್ಟು ಮತಕ್ಕೆ ಎರಡು ಲಕ್ಷಕ್ಕಿಂತ ಹೆಚ್ಚು ಸೇರಿತ್ತು, ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಒಂದೇ ಕಡೆ ವಾಲಿತ್ತು.

ಈ ಅಂಕಿಗಳಿಗೂ ಒಂದು ಮಿತಿ ಇದೆ, ಅದನ್ನು ಹೇಳಲೇಬೇಕು. ಇವು ಮೊತ್ತಗಳು, ಯಾವ ಮನೆಯ ಯಾವ ಮತ ಎತ್ತ ಹೋಯಿತೆಂದು ಇವುಗಳಿಂದ ತಿಳಿಯದು. ಕೆಲವರು ಆ ಕಡೆಗೆ ಹೋಗಿರಬಹುದು, ಅವರ ಜಾಗಕ್ಕೆ ಹೊಸಬರು ಬಂದಿರಬಹುದು. ಆದರೂ ಐದು ಲಕ್ಷ ಇಪ್ಪತ್ತನಾಲ್ಕು ಸಾವಿರ ಜನ ತಮ್ಮೊಂದಿಗೇ ಇದ್ದಾಗ ‘ಊರೇ ಕೈಬಿಟ್ಟಿತು’ ಎಂದು ದುಃಖಿಸಿದವರು ಆ ಐದು ಲಕ್ಷ ಜನರನ್ನೇ ಮರೆತರು. ‘ಊರೇ ತಿರಸ್ಕರಿಸಿತು’ ಎಂದವರೂ ಅವರನ್ನೇ ಮರೆತರು.

ಜಾತಿಯ ವಿವರಣೆಯೂ ಅರ್ಧ ದಾರಿಗೇ ನಿಲ್ಲುತ್ತದೆ. ಜಾಧವ ಬಂಜಾರ ಸಮುದಾಯದವರು, ತಾಂಡಾಗಳ ಮತ ಅವರಿಗೆ ಬಂತು ಎನ್ನುವುದು ಸಾಮಾನ್ಯ ಮಾತು. ಬಂದಿರಬಹುದು. ಆದರೆ 2009 ಮತ್ತು 2014ರಲ್ಲಿ ಖರ್ಗೆಯವರ ಎದುರು ನಿಂತಿದ್ದ ಬಿಜೆಪಿಯ ರೇವುನಾಯಕ ಬೆಳಮಗಿ ಕೂಡ ಬಂಜಾರ ಸಮುದಾಯದವರೇ. ಅವರು ಹಿಂದೆ ಕಮಲಾಪುರದ ಶಾಸಕರಾಗಿದ್ದವರು, ಸಚಿವರೂ ಆಗಿದ್ದವರು. ಮೊದಲ ಸಲ 13,404, ಎರಡನೆಯ ಸಲ 74,733 ಮತಗಳಿಂದ ಸೋತರು. ಅಭ್ಯರ್ಥಿಯ ಸಮುದಾಯವೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಬೆಳಮಗಿಯವರ ಸೋಲಿಗೆ ಅರ್ಥವೇ ಇರುವುದಿಲ್ಲ.

ಬದಲಾದದ್ದು ಬೇರೆ ಹಲವು ಸಂಗತಿ. ಅಫಜಲಪುರದ ಮಾಲೀಕಯ್ಯ ಗುತ್ತೇದಾರ, ಕೋಲಿ-ಕಬ್ಬಲಿಗ ಸಮುದಾಯದ ಬಾಬುರಾವ ಚಿಂಚನಸೂರ ಅವರಂಥ ಹಳೆಯ ಕಾಂಗ್ರೆಸಿಗರು 2018ರಲ್ಲೇ ಬಿಜೆಪಿ ಸೇರಿದ್ದರು. 2019ರ ಫೆಬ್ರವರಿಯಲ್ಲಿ ಪುಲ್ವಾಮಾದ ಭಯೋತ್ಪಾದಕ ದಾಳಿ, ಅದರ ಬೆನ್ನಿಗೆ ಬಾಲಾಕೋಟ್ ವಾಯುದಾಳಿ. ಬಾಲಾಕೋಟ್ ದಾಳಿಯಾಗಿ ಎಂಟೇ ದಿನಕ್ಕೆ, ಮಾರ್ಚ್ 6ರಂದು, ಪ್ರಧಾನಿ ನರೇಂದ್ರ ಮೋದಿ ಕಲಬುರಗಿಯಲ್ಲಿ ಸಭೆ ಮಾಡಿದರು. ಜಾಧವ ಬಿಜೆಪಿ ಸೇರಿದ್ದು ಅದೇ ವೇದಿಕೆಯಲ್ಲಿ. ಕ್ಷೇತ್ರದ ಎಂಟು ವಿಧಾನಸಭಾ ಸ್ಥಾನಗಳಲ್ಲಿ ಆಗ ಕಾಂಗ್ರೆಸ್ ನಾಲ್ಕನ್ನೂ, ಜೆಡಿಎಸ್ ಒಂದನ್ನೂ ಹೊಂದಿದ್ದವು. ಕಾಗದದ ಮೇಲೆ ಮೈತ್ರಿ ಗಟ್ಟಿಯಾಗಿತ್ತು. ಮತಗಟ್ಟೆಯಲ್ಲಿ ಗಟ್ಟಿಯಾಗಿರಲಿಲ್ಲ, ರಾಜ್ಯದ ಆ ಮೈತ್ರಿ ಸರ್ಕಾರವೇ ಫಲಿತಾಂಶವಾದ ಎರಡು ತಿಂಗಳಿಗೆ, ಜುಲೈ 23ರಂದು, ಬಿತ್ತು. ದೆಹಲಿಗೆ ಯಾರು ಎಂದು ಕೇಳಿದ ಚುನಾವಣೆಯಲ್ಲಿ ಕಲಬುರಗಿಗೆ ಯಾರು ಎಂಬ ಪ್ರಶ್ನೆ ಕೇಳಿಸದೇ ಹೋಯಿತು.

ಯಂತ್ರದ ಅನುಮಾನವನ್ನು ಬೈದು ಬಾಯಿ ಮುಚ್ಚಿಸುವುದು ಸರಿಯಲ್ಲ, ಅನುಮಾನ ಪಡುವ ಹಕ್ಕು ಮತದಾರನಿಗಿದೆ. ಎಣಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ತಿಳಿದುಕೊಂಡು ಅನುಮಾನ ಪಡಬೇಕು, ಅಷ್ಟೆ. ಮತದಾನ ಮುಗಿದ ಸಂಜೆಯೇ ಮತಗಟ್ಟೆ ಅಧಿಕಾರಿ 17ಸಿ ನಮೂನೆಯಲ್ಲಿ ಒಟ್ಟು ಎಷ್ಟು ಮತ ಚಲಾವಣೆಯಾಯಿತು ಎಂದು ಬರೆದು, ಅದರ ಪ್ರತಿಯನ್ನು ಪಕ್ಷಗಳ ಏಜೆಂಟರಿಗೆ ಕೊಡುತ್ತಾರೆ. ಎಣಿಕೆಯ ದಿನ ಮೇಜಿನ ಮೇಲೆ ಕಂಟ್ರೋಲ್ ಯೂನಿಟ್ ಇಡುತ್ತಾರೆ. ಜಾಲರಿಯಾಚೆ ಕೂತ ಏಜೆಂಟರು ಮೊದಲು ಸೀಲು ನೋಡುತ್ತಾರೆ, ಆಮೇಲೆ ತಮ್ಮ 17ಸಿ ಪ್ರತಿಯ ಮೊತ್ತವನ್ನು ಯಂತ್ರದ ಮೊತ್ತದೊಂದಿಗೆ ತಾಳೆ ನೋಡುತ್ತಾರೆ. ರಿಸಲ್ಟ್ ಗುಂಡಿ ಒತ್ತಿದಾಗ ಅಭ್ಯರ್ಥಿವಾರು ಅಂಕಿಗಳು ಒಂದೊಂದಾಗಿ ಮೂಡುತ್ತವೆ, ಎಲ್ಲರ ಕೈಯ ಪೆನ್ನು ಒಟ್ಟಿಗೇ ಓಡುತ್ತದೆ. 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನೂ ಎಣಿಸಬೇಕಿತ್ತು. ಕಲಬುರಗಿಯ ಎಂಟು ಕ್ಷೇತ್ರಗಳಿಗೆ ಅದು 40 ಮತಗಟ್ಟೆ. ಅನುಮಾನವಿದ್ದವರು ಕೇಳಬೇಕಾದದ್ದು ತಮ್ಮ ಪಕ್ಷದ ಏಜೆಂಟರ ಬಳಿ ಇರುವ ಆ 17ಸಿ ಪ್ರತಿಗಳನ್ನು.

ಇನ್ನು ಉಪಕಾರದ ಮಾತು. 371(ಜೆ) ಸಣ್ಣ ಸಂಗತಿಯಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿ ಈ ಭಾಗದ ಮಕ್ಕಳಿಗೆ ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಕೊಟ್ಟಿದೆ, ನೌಕರಿ ಕೊಟ್ಟಿದೆ. ಅದರಲ್ಲಿ ಖರ್ಗೆಯವರ ಮತ್ತು ಧರ್ಮಸಿಂಗ್ ಅವರ ಪಾಲು ದೊಡ್ಡದು. ವೈಜನಾಥ ಪಾಟೀಲರು ಬೀದಿಯಲ್ಲಿ ನಿಂತು ವರ್ಷಗಟ್ಟಲೆ ನಡೆಸಿದ ಹೋರಾಟದ ಪಾಲೂ ದೊಡ್ಡದೇ. ಹಾಗೆ ನೋಡಿದರೆ ಅದು ಈ ನೆಲದ ಜನ ಬೇಡಿ, ಜಗಳವಾಡಿ ಪಡೆದುಕೊಂಡ ಹಕ್ಕು. ಹಕ್ಕು ಪಡೆದವನು ಸಾಲಗಾರನಾಗುವುದಿಲ್ಲ. ಪ್ರತಿ ಐದು ವರ್ಷಕ್ಕೆ ಮತದ ರೂಪದಲ್ಲಿ ಬಡ್ಡಿ ಕಟ್ಟಬೇಕು ಎಂದು ಯಾರೂ ಅವನಿಂದ ನಿರೀಕ್ಷಿಸಬಾರದು. 2024ರ ಏಪ್ರಿಲ್‌ನಲ್ಲಿ ಅಫಜಲಪುರದ ಸಭೆಯಲ್ಲಿ ಖರ್ಗೆಯವರು, ಮತ ಹಾಕದಿದ್ದರೂ ತಮ್ಮ ಕೆಲಸ ನೆನೆದು ಮಣ್ಣಿಗಾದರೂ ಬನ್ನಿ ಎಂಬರ್ಥದಲ್ಲಿ ಮಾತಾಡಿದರು. ಐದು ವರ್ಷ ಕಳೆದರೂ ಆ ಸೋಲು ಎಷ್ಟು ಆಳದಲ್ಲಿ ಕುಳಿತಿತ್ತು ಎಂಬುದು ಆ ಮಾತಿನಲ್ಲಿ ಕಾಣುತ್ತದೆ. ಅರ್ಧ ಶತಮಾನ ಒಂದು ಸೀಮೆಗೆ ದುಡಿದ ಹಿರಿಯರ ನೋವು ನಿಜ, ಅದಕ್ಕೆ ಗೌರವ ಸಲ್ಲಬೇಕು. ಆದರೆ ಆ ನೋವನ್ನು ಎತ್ತಿಕೊಂಡು ಹಿಂಬಾಲಕರು ಊರೂರನ್ನೇ ಕೃತಘ್ನ ಎಂದು ಕರೆದದ್ದು ತಪ್ಪು.

ಅದೇ 2024ರಲ್ಲಿ ಆದದ್ದನ್ನು ನೋಡಿ. ಖರ್ಗೆಯವರ ಅಳಿಯ ರಾಧಾಕೃಷ್ಣ ದೊಡ್ಡಮನಿ 6,52,321 ಮತ ಪಡೆದು 27,205ರ ಅಂತರದಿಂದ ಜಾಧವರನ್ನು ಸೋಲಿಸಿದರು. ಜಾಧವರ ಮತ? 6,25,116. ಗೆದ್ದ ವರ್ಷಕ್ಕಿಂತ ಐದು ಸಾವಿರದ ಹತ್ತಿರ ಹೆಚ್ಚು! ಸತತ ಎರಡು ಚುನಾವಣೆಗಳಲ್ಲಿ, ಎರಡು ಬೇರೆ ಪಕ್ಷಗಳ ಹಾಲಿ ಸಂಸದರು, ತಾವು ಗೆದ್ದಾಗ ಪಡೆದದ್ದಕ್ಕಿಂತ ಹೆಚ್ಚು ಮತ ಪಡೆದು ಸೋತರು. 2019ರಲ್ಲಿ ಐದೂ ಸ್ಥಾನ ಬಿಜೆಪಿಗೆ ಕೊಟ್ಟ ಕಲ್ಯಾಣ ಕರ್ನಾಟಕ ಈ ಸಲ ಐದನ್ನೂ ಕಾಂಗ್ರೆಸ್ಸಿಗೆ ಕೊಟ್ಟಿತು. ಹಿಂದೆ ಉಪಕಾರಗೇಡಿಗಳು ಎನಿಸಿಕೊಂಡಿದ್ದ ಜನ ರಾತ್ರೋರಾತ್ರಿ ಜಾಣರಾದರು, ಜಾಣರಾಗಿದ್ದವರು ಕಾಂಗ್ರೆಸ್ಸಿನ ಗ್ಯಾರಂಟಿ ಯೋಜನೆಗಳಿಗೆ ಮಾರುಹೋದವರಾದರು. ಮತ ಹಾಕಿದ ಮಂದಿ ಬಹುಪಾಲು ಅವರೇ. ಕಲಬುರಗಿ ಹಿಂದೆಯೂ ಒಬ್ಬರ ಕೋಟೆಯಾಗಿರಲಿಲ್ಲ. 1996ರಲ್ಲಿ ಜನತಾದಳದ ಖಮರುಲ್ ಇಸ್ಲಾಂ, 1998ರಲ್ಲಿ ಬಿಜೆಪಿಯ ಬಸವರಾಜ ಪಾಟೀಲ ಸೇಡಂ, 1999ರಲ್ಲಿ ಕಾಂಗ್ರೆಸ್ಸಿನ ಇಕ್ಬಾಲ್ ಅಹ್ಮದ್ ಸರಡಗಿ ಗೆದ್ದ ಕ್ಷೇತ್ರ ಇದು.

ನಗರದಲ್ಲಿ ‘ಕೃತಘ್ನರು’, ‘ಮಾರುಹೋದವರು’ ಎಂಬ ಈ ಬೈಗುಳ ಚಹಾದಂಗಡಿಯ ಮಾತಾಗಿ ಮುಗಿಯುತ್ತದೆ. ಕಮಲಾಪುರದಂಥ ತಾಲ್ಲೂಕಿನಲ್ಲಿ ಹಾಗೆ ಮುಗಿಯುವುದಿಲ್ಲ. ಹುಮನಾಬಾದ್ ರಸ್ತೆಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಈ ಊರು 2008ರ ಮರುವಿಂಗಡಣೆಯವರೆಗೂ ಸ್ವತಂತ್ರ ವಿಧಾನಸಭಾ ಕ್ಷೇತ್ರವಾಗಿತ್ತು. ಈಗ ಕಲಬುರಗಿ ಗ್ರಾಮೀಣದಲ್ಲಿದೆ. ಜಿಲ್ಲೆಯ ಒಂಬತ್ತರಲ್ಲಿ ಏಳು ಸ್ಥಾನ ಕಾಂಗ್ರೆಸ್ ಗೆದ್ದ 2023ರಲ್ಲೂ ಗ್ರಾಮೀಣ ಕ್ಷೇತ್ರ ಬಿಜೆಪಿಯ ಬಸವರಾಜ ಮತ್ತಿಮಡು ಅವರನ್ನೇ ಉಳಿಸಿಕೊಂಡಿತು. ಹೀಗೆ ಮೇಲೊಂದು ಪಕ್ಷ, ಕೆಳಗೊಂದು ಪಕ್ಷ ಇರುವ ಕಡೆ ಹಳ್ಳಿಗಳು, ತಾಂಡಾಗಳು ಯಾರ ಕಡೆ ಎಂಬುದು ಗುಟ್ಟಾಗಿ ಉಳಿಯುವುದಿಲ್ಲ.

ಯಾಕೆಂದರೆ ಎಣಿಕೆ ಮತಗಟ್ಟೆವಾರು ನಡೆಯುತ್ತದೆ, ನಮೂನೆ 20ರಲ್ಲಿ ಮತಗಟ್ಟೆವಾರು ಪ್ರಕಟವೂ ಆಗುತ್ತದೆ. ಕೆಲವೇ ನೂರು ಮತದಾರರಿರುವ ತಾಂಡಾದ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಎಂಬ ಹಾಳೆ ಮುಖಂಡರ ಜೇಬಿನಲ್ಲಿರುತ್ತದೆ. ‘ನಿಮ್ಮೂರಿಂದ ನಮಗೆ ಏನ್ ಬಂದದ?’ ಎಂಬ ಒಂದು ಪ್ರಶ್ನೆ ಸಾಕು, ಕೊಳವೆಬಾವಿ ಕೇಳಲು ಬಂದವರ ಬಾಯಿ ಕಟ್ಟುತ್ತದೆ. ವರ್ಷದ ಅರ್ಧ ದಿನ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗಿ, ಮತದಾನಕ್ಕೆಂದು ಊರಿಗೆ ಮರಳುವ ಕೂಲಿಕಾರನಿಗೆ ಗುಪ್ತ ಮತದಾನ ಎಂಬುದು ಅರ್ಧ ಮಾತ್ರ ಸಿಕ್ಕಿದೆ. ಅವನೊಬ್ಬನ ಮತ ಗುಪ್ತ, ಅವನ ಓಣಿಯ ಮತ ಬಹಿರಂಗ.

ಮತಪೆಟ್ಟಿಗೆಯ ಕಾಲದಲ್ಲಿ ಬೇರೆಬೇರೆ ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶವಿತ್ತು. ಯಂತ್ರ ಬಂದ ಮೇಲೆ ಅದು ಹೋಯಿತು. ಹದಿನಾಲ್ಕು ಮತಗಟ್ಟೆಗಳ ಯಂತ್ರಗಳನ್ನು ಜೋಡಿಸಿ ಒಟ್ಟು ಮೊತ್ತವನ್ನಷ್ಟೇ ತೋರಿಸುವ ಟೋಟಲೈಸರ್ ಎಂಬ ಉಪಕರಣವನ್ನು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತು. ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಅದನ್ನು ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಮತಗಟ್ಟೆವಾರು ಲೆಕ್ಕ ಸಿಗದಿದ್ದರೆ ಸಂಶೋಧಕರಿಗೆ ನಷ್ಟವಾಗುತ್ತದೆ, ಗೋಲ್‌ಮಾಲ್ ಆದ ಮತಗಟ್ಟೆ ಹಿಡಿಯುವುದೂ ಕಷ್ಟವಾಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಹಾಗಿದ್ದೂ ಒಂದು ತಾಂಡಾದ ನೀರು, ರಸ್ತೆ ಅದರ ಮತದ ಮೇಲೆ ನಿಲ್ಲುವುದಕ್ಕಿಂತ ಆ ನಷ್ಟ ಸಣ್ಣದು.

ಆದ್ದರಿಂದ ಈ ಉಪನ್ಯಾಸದ ಕೇಳುಗರಲ್ಲಿ, ಇದನ್ನು ಪುಸ್ತಿಕೆಯಾಗಿ ಓದುವವರಲ್ಲಿ ಎರಡು ಕೋರಿಕೆ. ಮತಗಳನ್ನು ಬೆರೆಸಿ ಎಣಿಸುವ ಪದ್ಧತಿ ಬರಲಿ ಎಂದು ನಿಮ್ಮ ಸಂಸದರನ್ನು, ಅವರು ಯಾವ ಪಕ್ಷದವರೇ ಇರಲಿ, ಒತ್ತಾಯಿಸಿ. ಅದು ಬರುವವರೆಗೆ, ಮುಂದಿನ ಫಲಿತಾಂಶದ ಮರುದಿನ ಯಾವ ಹಳ್ಳಿಯನ್ನೂ ಯಾವ ಜಾತಿಯನ್ನೂ ಹೆಸರಿಸಿ ಬೈಯುವ ಮೊದಲು, ಸೋತ ಅಭ್ಯರ್ಥಿಗೆ ಹಿಂದಿನ ಸಲ ಎಷ್ಟು ಮತ ಬಿದ್ದಿತ್ತು, ಈ ಸಲ ಎಷ್ಟು ಬಿದ್ದಿದೆ ಎಂದು ಒಮ್ಮೆ ತೆಗೆದು ನೋಡಿ.