ಬೇಡವೆಂದದ್ದು ಚಹಾ, ಮನೆಯನ್ನಲ್ಲ
(ಜಗಳೂರಿನ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳು)



1950ರಲ್ಲಿ ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿಯವರು ಮೊದಲ ತರಳಬಾಳು ಹುಣ್ಣಿಮೆ ನಡೆಸಿದ್ದು ಇದೇ ಜಗಳೂರಿನಲ್ಲಿ. ಇಂಥ ಊರಲ್ಲಿ ನಿಂತು ಒಂದು ಲೋಟ ಚಹಾದ ವಿಚಾರ ಹೇಳುತ್ತೇನೆ, ಸಣ್ಣದೆಂದು ನಗಬೇಡಿ.

ನಾಲ್ಕು ವರ್ಷದ ಹಿಂದೆ ವಚನದ ಮಾತು ಹೇಳಲೆಂದು ಈ ತಾಲ್ಲೂಕಿನ ಒಂದು ದಲಿತ ಕೇರಿಗೆ ಹೋಗಿದ್ದೆ. ಮನೆಯ ತಾಯಿ ಚಹಾ ತಂದರು. ಅದಕ್ಕೆ ಮೊದಲು ಎರಡು ಸಲ ಹೋಟೆಲಿನ ಚಹಾ ಕುಡಿದು ನನ್ನ ತುಟಿ ಊದಿತ್ತು, ಮೈಮೇಲೆ ದದ್ದು ಎದ್ದಿದ್ದವು. ಹೆದರಿಕೆಯಿಂದ "ಬೇಡ ತಾಯಿ" ಎಂದೆ, ಅಷ್ಟೇ. ಆಕೆ ಮಾತಿಲ್ಲದೆ ಲೋಟ ಒಳಗೆ ಒಯ್ದರು. ಹೋಟೆಲಿನ ಹೊರಗೆ ಬೇರೆ ಲೋಟದಲ್ಲಿ ಚಹಾ ಕುಡಿದು ಬೆಳೆದ ಅವರ ಮಾವ, "ಗೊತ್ತಾತು ಬಿಡ್ರಿ" ಎಂದರು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ದಾವಣಗೆರೆಯ ವೈದ್ಯರ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ: "ಚಹಾದಲ್ಲಿ ಏನೇನು ಹಾಕಿದ್ದರು? ಜೊತೆಗೆ ಏನು ತಿಂದಿರಿ?" ಚಹಾಪುಡಿಗೇ ಅಲರ್ಜಿ ಆಗುವುದು ಬಲು ಅಪರೂಪವಂತೆ. ಹಾಲಿನ ಪ್ರೋಟೀನು, ಮಸಾಲೆ, ಮಂಡಕ್ಕಿಯೊಳಗಿನ ಶೇಂಗಾ, ಇವುಗಳಿಂದ ಆಗಿ ಅಪವಾದ ಚಹಾಕ್ಕೆ ಬರುವುದುಂಟು. ಚರ್ಮದ ಪರೀಕ್ಷೆ ಮಾಡಿದರು. ನನಗೆ ಒಗ್ಗದಿದ್ದದ್ದು ಏಲಕ್ಕಿ!

ಎದೆಯುರಿ, ನಿದ್ದೆಗೇಡು, ಎದೆ ಡವಗುಟ್ಟುವುದು ಸಾಮಾನ್ಯವಾಗಿ ಅಲರ್ಜಿಯಲ್ಲ. ಅದು ಹೆಚ್ಚಾದ ಕೆಫೀನ್ ಅಥವಾ ಆಮ್ಲದ ಕಾಟ. ಹಾಲು ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವುದೂ ಬೇರೆ. ಅಲರ್ಜಿಯೆಂದರೆ ದೇಹದ ಕಾವಲುಶಕ್ತಿಯೇ ಆಹಾರವನ್ನು ಶತ್ರುವೆಂದು ತಪ್ಪು ತಿಳಿಯುವುದು. ಹೆಚ್ಚಾಗಿ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ತುರಿಕೆ, ದದ್ದು, ಊತ ಬರುತ್ತವೆ. ಗಂಟಲು ಬಿಗಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ. ಆಗ ಜೀವ ಉಳಿಸುವುದು ಅಡ್ರಿನಾಲಿನ್ ಚುಚ್ಚುಮದ್ದು. "ಇನ್ನೊಮ್ಮೆ ಕುಡಿದು ನೋಡೋಣ" ಎಂಬ ಪರೀಕ್ಷೆಯಂತೂ ಮನೆಯಲ್ಲಿ ಬೇಡವೇ ಬೇಡ.

ಕಾರಣ ತಿಳಿದ ಮೇಲೆ ಅದೇ ಮನೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿ, "ಏಲಕ್ಕಿ ಹಾಕದ ಚಹಾ ಕೊಡ್ರಿ ತಾಯಿ" ಎಂದು ಕೇಳಿದೆ. ಆ ಹಿರಿಯರು ನಕ್ಕು, "ಏಲಕ್ಕಿ ಕೊಳ್ಳೋಕೆ ನಮ್ಮತ್ರ ರೊಕ್ಕ ಎಲ್ಲೈತ್ರಿ? ಅವತ್ತೂ ಹಾಕಿರ್ಲಿಲ್ಲ" ಎಂದರು. ನಾನು ತಲೆ ತಗ್ಗಿಸಿದೆ. ಮೂವರೂ ಕೂತು ಕುಡಿದೆವು.

ಬಂಧುಗಳೇ, ದಾಸೋಹವೆಂದರೆ ಒತ್ತಾಯವಲ್ಲ. "ಒಂದು ಗುಟುಕಿಗೆ ಏನಾಗ್ತದೆ" ಎಂದು ಯಾರಿಗೂ ಕುಡಿಸಬೇಡಿ; ಅಲರ್ಜಿ ಇದ್ದವರಿಗೆ ಒಂದು ಗುಟುಕೂ ಅಪಾಯ. ಬೇಡವೆನ್ನುವವರು ಕಾರಣವನ್ನು ಬಾಯಿಬಿಟ್ಟು ಹೇಳಿ, ಆ ಮನೆಯ ನೀರನ್ನಾದರೂ ಕೇಳಿ ಕುಡಿಯಿರಿ. "ನಮಗೆ ಒಗ್ಗಲ್ಲ" ಎಂಬ ಮಾತಿನ ಹಿಂದೆ ಜಾತಿಯನ್ನು ಬಚ್ಚಿಡುವವರು ನಮ್ಮಲ್ಲೂ ಇದ್ದಾರೆ. ಆ ರೋಗ ಯಾವ ಚರ್ಮದ ಪರೀಕ್ಷೆಗೂ ಸಿಗುವುದಿಲ್ಲ; ಅದನ್ನು ನಾವೇ ಪರೀಕ್ಷಿಸಿಕೊಳ್ಳಬೇಕು.